ಬಹುಮಾನ ಪಡೆದವಳು ಕ್ಷಮೆ ಕೇಳಬೇಕೇ?



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಹಾನಗಲ್ಲ ತಾಲೂಕಿನಲ್ಲಿ ಹುಟ್ಟಿ ಹಿರೇಕೆರೂರಿನ ಕಡೆಗೆ ಮದುವೆಯಾಗಿ ಹೋದವಳು. ಕಥಾಸ್ಪರ್ಧೆಯೊಂದರಲ್ಲಿ ಅವಳ ಕಥೆಗೆ ಬಹುಮಾನ ಬಂದಿತ್ತು. ನಾನು ಅಭಿನಂದಿಸುವ ಮೊದಲೇ ಅವಳು, “ಅಂಥಾ ದೊಡ್ಡ ಕಥಿ ಏನಲ್ರೀ ಸರ, ಸುಮ್ಮನ ಹೊತ್ತು ಹೋಗ್ಲಿ ಅಂತ ಬರದಿದ್ದೆ” ಎಂದಳು. ಸ್ವಲ್ಪ ತಡೆದು, “ಮನ್ಯಾಗ ಇನ್ನೂ ಹೇಳಿಲ್ರೀ. ಕಥಿಯೊಳಗಿನ ಅತ್ತಿ ತಾನ ಅಂತ ನಮ್ಮ ಅತ್ತ್ಯಾರು ತಿಳಕೊಂಡಾರು ಅಂತ ಅಂಜಿಕಿ ಆಗೇತ್ರಿ” ಎಂದಳು.

ಬಹುಮಾನದ ಸುದ್ದಿ ಹೇಳುವ ಧ್ವನಿ ತಪ್ಪೊಪ್ಪಿಕೊಳ್ಳುವವರ ಧ್ವನಿಯಂತೆ ಏಕಿರಬೇಕು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ.

ನಮ್ಮ ಸೀಮೆ ಸಾಹಿತ್ಯಕ್ಕೆ ಬಡವಾದುದಲ್ಲ. ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರದು, ಶಿಶುನಾಳ ಶರೀಫರದು. ಹಿರೇಕೆರೂರು ತಾಲೂಕಿನ ಅಬಲೂರೆಂದೊಡನೆ ಸರ್ವಜ್ಞನ ಹೆಸರು ನೆನಪಾಗುತ್ತದೆ. 1909ರಲ್ಲಿ ಸವಣೂರಿನಲ್ಲಿ ಜನಿಸಿದ ವಿ.ಕೃ. ಗೋಕಾಕರಿಗೆ ಜ್ಞಾನಪೀಠ ಪ್ರಶಸ್ತಿ ಸಂದಿತು. ಈ ಹೆಸರುಗಳನ್ನು ನಾನು ಮೂರು ದಶಕಗಳ ಕಾಲ ಕಪ್ಪುಹಲಗೆಯ ಮೇಲೆ ಬರೆದೆ. ಆದರೆ ಪಕ್ಕದ ರಾಣೆಬೆನ್ನೂರಿನಲ್ಲಿ ಹುಟ್ಟಿ ‘ಚಂದ್ರಹಾಸನ ಕಥೆ’ ರಚಿಸಿದ ಹೆಳವನಕಟ್ಟೆ ಗಿರಿಯಮ್ಮನ ಹೆಸರನ್ನು ಎಷ್ಟು ಸಲ ಬರೆದೆನೆಂದು ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ಹಾನಗಲ್ಲೆಂಬ ಊರ ಹೆಸರನ್ನು ದೇಶಕ್ಕೆಲ್ಲ ಕೇಳಿಸಿದವರು ಗಂಗೂಬಾಯಿಯವರೆಂಬ ಹೆಣ್ಣುಮಗಳೇ ಎಂಬುದನ್ನೂ ನಾವು ಮರೆಯುತ್ತೇವೆ.

ಬರೆದ ಹೆಣ್ಣು ತನ್ನನ್ನು ಮರೆಮಾಡಿಕೊಳ್ಳುವುದು ಇಂದಿನ ಸಂಗತಿಯೂ ಅಲ್ಲ. 1912ರಲ್ಲಿ ಜನಿಸಿ, 1939ರಲ್ಲಿ ಇಪ್ಪತ್ತೇಳನೆಯ ವಯಸ್ಸಿಗೇ ನೀರಿನಲ್ಲಿ ಮುಳುಗಿ ತೀರಿಕೊಂಡ ಕೊಡಗಿನ ಗೌರಮ್ಮ, ವಿಧವೆಯರ ಬಾಳನ್ನೂ ಮರುಮದುವೆಯ ಪ್ರಶ್ನೆಯನ್ನೂ ಕಥೆಯಾಗಿಸಿದ ದಿಟ್ಟ ಲೇಖಕಿ. ಆಕೆ ಬರೆಯುತ್ತಿದ್ದುದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು, ಪತಿಯ ಹೆಸರಿನ ಆಸರೆಯಲ್ಲಿ. ‘ಕಂಬನಿ’ ಸಂಕಲನ ಹೊರಬಂದಾಗ ಅದನ್ನು ಕೈಯಲ್ಲಿ ಹಿಡಿದು ನೋಡಲು ಆಕೆ ಇರಲಿಲ್ಲ.

ಆ ಗೌರಮ್ಮನ ಕಥೆಗಳನ್ನು ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಅವರೇ ಅನುವಾದಿಸಿದ ಹಾಸನದ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಕೃತಿಗೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಅದರಲ್ಲಿರುವುದು ಹನ್ನೆರಡು ಸಣ್ಣಕಥೆಗಳು. 1990ರಿಂದ 2023ರವರೆಗಿನ ಬರಹ. ಸಣ್ಣಕಥೆಗಳ ಸಂಕಲನವೊಂದು ಆ ಪ್ರಶಸ್ತಿ ಪಡೆದದ್ದು ಅದೇ ಮೊದಲು. ಐವತ್ತು ಸಾವಿರ ಪೌಂಡುಗಳ ಬಹುಮಾನವನ್ನು ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚಲಾಯಿತು. ಬಾನು ಅವರು ಆ ಗೌರವವನ್ನು ತಾನೊಬ್ಬಳೇ ಪಡೆಯುತ್ತಿಲ್ಲ, ಅನೇಕ ದನಿಗಳ ಜೊತೆಗೂಡಿ ಸ್ವೀಕರಿಸುತ್ತಿದ್ದೇನೆ ಎಂದರು. ಇದು ವಿನಯ. ‘ಸುಮ್ಮನೆ ಬರೆದೆ’ ಎನ್ನುವುದು ವಿನಯವಲ್ಲ, ಭಯ. ವಿನಯವು ಗೌರವವನ್ನು ಹಂಚಿಕೊಳ್ಳುತ್ತದೆ. ಭಯವು ಅದನ್ನು ಅಲ್ಲಗಳೆಯುತ್ತದೆ.

ಬಹುತೇಕ ಕಥಾಸ್ಪರ್ಧೆಗಳಲ್ಲಿ ಲೇಖಕರ ಹೆಸರು, ವಿಳಾಸಗಳನ್ನು ಬೇರೆ ಹಾಳೆಯಲ್ಲಿ ಬರೆದು ಕಳಿಸಬೇಕು. ಕಥೆಯ ಪುಟಗಳಲ್ಲಿ ಹೆಸರು ಇರಕೂಡದು. ಬರೆದವರು ಹೆಣ್ಣೋ ಗಂಡೋ, ಬೆಂಗಳೂರಿನವರೋ ಸವಣೂರಿನವರೋ ಎಂಬುದು ತೀರ್ಪುಗಾರರಿಗೆ ಗೊತ್ತಿರುವುದಿಲ್ಲ. ಅವರು ಮೆಚ್ಚಿದ್ದು ಕಥೆಯನ್ನು ಮಾತ್ರ. ಆದುದರಿಂದ ಇಂಥ ಬಹುಮಾನವನ್ನು ಯಾರ ದಾಕ್ಷಿಣ್ಯವೆಂದೂ ಭಾವಿಸಬೇಕಾಗಿಲ್ಲ. ಹಾಗೆಯೇ ಬಾರದಿದ್ದವರೂ ಎದೆಗುಂದಬೇಕಾಗಿಲ್ಲ. ಒಬ್ಬಿಬ್ಬರ ಓದು ಅಂತಿಮ ತೀರ್ಪಾಗಲಾರದು.

ಮನೆಯವರಿಗೂ ಒಂದು ಮಾತು. ಬಹುಮಾನ ಬಂದಾಗ “ಎಷ್ಟು ರೊಕ್ಕ ಬಂತು?”, “ಇದನ್ನೆಲ್ಲ ಬರಿಯಾಕ ವ್ಯಾಳ್ಯಾ ಯಾವಾಗ ಸಿಗತದ?”, “ಇದು ಯಾರ ಮ್ಯಾಲೆ ಬರದದ್ದು?” ಎಂದು ಕೇಳುತ್ತೇವೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಭಾವಚಿತ್ರ ತೆಗೆಸಿಕೊಳ್ಳುತ್ತೇವೆ. ಕಥೆಯನ್ನು ಓದಿದವರು ಮಾತ್ರ ಆ ಸಭೆಯಲ್ಲಿ ಇಬ್ಬರೋ ಮೂವರೋ. ಗಂಡಸೊಬ್ಬ ಕ್ರೂರಿಯಾದ ತಂದೆಯ ಕಥೆ ಬರೆದರೆ ಅದು ಕಲ್ಪನೆ. ಹೆಣ್ಣುಮಗಳು ಬರೆದರೆ ಅದು ಮನೆಯ ಗುಟ್ಟು ಬಯಲು ಮಾಡಿದಂತೆ! ಈ ತಕ್ಕಡಿಯನ್ನು ನಾವು ಕೆಳಗಿಡಬೇಕು.

ಹೀಗೆ ಉಪದೇಶ ಮಾಡುವ ನಾನೂ ನಿರ್ದೋಷಿಯಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ‘ನನ್ನ ತಾಯಿ’ ಎಂಬ ಪ್ರಬಂಧ ಬರೆಯಲು ಹೇಳಿದ್ದೆ. ಒಬ್ಬ ಹುಡುಗಿ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗಿಬಂದ ತಾಯಿ ಉರಿಯುವ ಕೈಗಳಿಂದ ಕೂಸಿನ ಕೆನ್ನೆ ಮುಟ್ಟಲಾರದೆ ದೂರ ಕುಳಿತು ಮಾತನಾಡಿಸುತ್ತಿದ್ದಳೆಂದು ಬರೆದಿದ್ದಳು. ಅಷ್ಟು ಚೆನ್ನಾಗಿ ಅವಳು ಬರೆಯಬಲ್ಲಳೆಂದು ನನಗೆ ನಂಬಿಕೆಯಾಗಲಿಲ್ಲ. ಇಡೀ ತರಗತಿಯ ಮುಂದೆ, “ಯಾವ ಪುಸ್ತಕದಾಗಿಂದ ಇಳಿಸಿದಿ?” ಎಂದು ಕೇಳಿದೆ. ಅವಳು ಉತ್ತರಿಸಲಿಲ್ಲ. ಆ ವರ್ಷವಿಡೀ ಗೈಡಿನಲ್ಲಿ ಇದ್ದಂತೆಯೇ ಹತ್ತು ಸಾಲು ಬರೆದು ಒಪ್ಪಿಸಿದಳು. ಇಳಿಸಿ ಬರೆಯುವುದನ್ನು ಅವಳಿಗೆ ಕಲಿಸಿದವನು ನಾನೇ. ಅವಳೇನಾದರೂ ಇದನ್ನು ಓದುತ್ತಿದ್ದರೆ, ಕ್ಷಮೆ ಕೇಳಬೇಕಾದವನು ಇಲ್ಲಿದ್ದಾನೆ.

ಹಿರೇಕೆರೂರಿನ ನನ್ನ ವಿದ್ಯಾರ್ಥಿನಿಗೆ ಹೇಳಿದ್ದು ಇಷ್ಟೇ: “ತಂಗೀ, ಸುದ್ದಿ ಮುಚ್ಚಿಡಬ್ಯಾಡ. ಅತ್ತ್ಯಾರ ಮುಂದ ಕುಂತು ಕಥಿ ನೀನ ಓದಿ ಹೇಳು. ಎರಡನೇ ಕಥಿ ಇವತ್ತ ಶುರು ಮಾಡು.” ಬಹುಮಾನದ ನಂತರದ ಕಥೆಯೇ ಕಠಿಣ; ಮೆಚ್ಚುಗೆ ಪಡೆದುದನ್ನೇ ಮತ್ತೆ ಬರೆಯುವ ಆಸೆ, ಮನೆಯವರನ್ನು ನೋಯಿಸದಂತೆ ಬರೆಯುವ ಆಸೆ, ಎರಡೂ ಲೇಖನಿಯನ್ನು ಹಿಡಿದೆಳೆಯುತ್ತವೆ.

ಮೊನ್ನೆ ರಾತ್ರಿ ಅವಳು ಮತ್ತೆ ಕರೆ ಮಾಡಿದ್ದಳು. ಅತ್ತೆ ಕಥೆಯನ್ನು ಪೂರ್ತಿ ಕೇಳಿ, “ಆ ಅತ್ತಿ ನಾ ಅಲ್ಲ ಬಿಡವಾ, ನಮ್ಮ ಅತ್ತಿ ಇದ್ದಂಗ ಅದಾಳ” ಎಂದರಂತೆ. ನಿಮ್ಮ ಮನೆಗಳಲ್ಲೂ ಬರೆಯುವ ಹೆಣ್ಣುಮಕ್ಕಳಿದ್ದರೆ ಅವರ ಕಥೆಯನ್ನು ಮೊದಲು ಓದಿ, ಶಾಲು ಆಮೇಲೆ ತನ್ನಿ.