ಯೇತಿ ಇರಲಿ, ಕರಡಿ ನೋಡಿ

ನೇಪಾಳದ ಮಕಾಲು ಪರ್ವತದ ಮೂಲ ಶಿಬಿರದ ಬಳಿ 32 ಇಂಚು ಉದ್ದ, 15 ಇಂಚು ಅಗಲದ ಹೆಜ್ಜೆಗುರುತು ಕಂಡೆವು, ಇದು ಹಿಮಮಾನವ ಯೇತಿಯದು ಎಂದು 2019ರ ಏಪ್ರಿಲ್‌ನಲ್ಲಿ ನಮ್ಮ ಸೇನೆಯೇ ಟ್ವೀಟ್ ಮಾಡಿ ನಗೆಪಾಟಲಿಗೀಡಾಗಿತ್ತು. ಅದಕ್ಕೆ ಎರಡು ವರ್ಷ ಮೊದಲೇ ಅಮೆರಿಕದ ಬಫಲೊ ವಿಶ್ವವಿದ್ಯಾಲಯದ ಶಾರ್ಲಟ್ ಲಿಂಡ್‌ಕ್ವಿಸ್ಟ್ ತಂಡ, ಯೇತಿಯದೆಂದು ಮಠ, ಮ್ಯೂಸಿಯಂಗಳಲ್ಲಿ ಕಾಪಿಟ್ಟಿದ್ದ ಎಲುಬು, ಕೂದಲು, ಚರ್ಮ ಮೊದಲಾದ 9 ಮಾದರಿಗಳ ಡಿಎನ್‌ಎ ತೆಗೆದು ನೋಡಿತ್ತು. ಎಂಟು ಕರಡಿಯವು, ಒಂದು ನಾಯಿಯದು!

ಹಿಮಾಲಯದವರಿಗೆ ಕಥೆಯಾದದ್ದು ಬೆಳಗಾವಿ ಜಿಲ್ಲೆಯ ಖಾನಾಪುರದವರಿಗೆ ದಿನದ ಭಯ. ಭೀಮಗಡ ಅಭಯಾರಣ್ಯ, ಕಣಕುಂಬಿ, ಲೋಂಡಾ ಸುತ್ತಿನ ಕಾಡಿನಲ್ಲಿ ಕರಡಿ ನಿಜವಾಗಿಯೂ ಇದೆ. ಬೆದರಿದರೆ ಮನುಷ್ಯನಂತೆ ಎರಡು ಕಾಲ ಮೇಲೆ ನಿಲ್ಲುತ್ತದೆ. ಮೈಮೇಲೆ ಬಿದ್ದರೆ ಮುಖ, ತಲೆಯನ್ನೇ ಬಗೆಯುತ್ತದೆ. ಅದಕ್ಕೆ ಬೇಕಾದದ್ದು ಗೆದ್ದಲು, ಜೇನು, ಹಣ್ಣು. ಬೇಸಿಗೆಯಲ್ಲಿ ಕವಳಿ, ನೇರಳೆ ಆಯಲು ಹೋಗುವ ಹೆಂಗಸರಿಗೂ ಅದೇ ಪೊದೆ ಬೇಕು. ಮುಖಾಮುಖಿ ಆಗದೆ ಇನ್ನೇನಾದೀತು?

ಭೀಮಗಡ ಅಭಯಾರಣ್ಯವಾದದ್ದು 2011ರಲ್ಲಿ. ಒಳಗಿನ ಹಳ್ಳಿಗಳಲ್ಲಿ ರಸ್ತೆಯೂ ನೆಟ್ಟಗಿಲ್ಲ. ಮಳೆಗಾಲದಲ್ಲಿ ರೋಗಿಯನ್ನು ಹೊತ್ತೇ ತರಬೇಕು. ಕರಡಿ ದಾಳಿಯ ಗಾಯಾಳು ಬೆಳಗಾವಿಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಮೂಲ್ಯ ಗಂಟೆಗಳು ಕಳೆದಿರುತ್ತವೆ. ಹಾಗಾಗಿ ಊರು ಬಿಟ್ಟು ಕಾಡಿನಾಚೆ ನೆಲೆಸಲೊಪ್ಪುವವರಿಗೆ ಸರ್ಕಾರದ ಪುನರ್ವಸತಿ ಹಣ ತಡವಾಗಬಾರದು. ಉಳಿಯುವವರಿಗಾದರೂ ಹಣ್ಣಿನ ಹಂಗಾಮು ಶುರುವಾಗುವ ಮುನ್ನವೇ ಕರಡಿ ಓಡಾಡುವ ಜಾಗಗಳ ಮಾಹಿತಿಯನ್ನು ಅರಣ್ಯ ಇಲಾಖೆ ಊರೂರಿಗೆ, ಅಲ್ಲಿಯ ಮಾತಾದ ಮರಾಠಿ, ಕೊಂಕಣಿಯಲ್ಲೂ ಮುಟ್ಟಿಸಲಿ.