ಬಿಟ್ಟನಾ, ಬಿಡಿಸಿದರಾ?

ಬಸ್ ಸ್ಟ್ಯಾಂಡಿಗೆ ಡ್ರಾಪ್ ಕೊಡು ಅಂತೀವಿ. ಮಾತಾಡ್ತಿದ್ದಾಗ ಕಾಲ್ ಡ್ರಾಪ್ ಆಗುತ್ತೆ. ಕಣ್ಣು ಉರಿದರೆ ಡ್ರಾಪ್ಸ್ ಹಾಕ್ತೀವಿ. ಕ್ಯಾಚ್ ಕೈಬಿಟ್ಟರೂ ಡ್ರಾಪ್, ಕೈಬಿಟ್ಟವನನ್ನು ಟೀಮಿನಿಂದ ತೆಗೆದರೂ ಡ್ರಾಪ್. ಲ್ಯಾಬಿಗೆ ಹೋದರೆ ವೋಲ್ಟೇಜ್ ಡ್ರಾಪ್, ಪ್ರೆಶರ್ ಡ್ರಾಪ್. ಇಂಗ್ಲಿಷಿಗೆ ಒಂದೇ ಪದ ಸಾಕು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದ ನಮಗೆ ಮನೆಯಲ್ಲಿ ಒಂದೊಂದಕ್ಕೂ ಬೇರೆ ಪದ ಇತ್ತು. ಹನಿ ತೊಟ್ಟಿಕ್ಕುತ್ತೆ, ಹುಣಸೆ ಎಲೆ ಉದುರುತ್ತೆ, ಮಣ್ಣಿನ ಗೋಡೆ ಕುಸಿಯುತ್ತೆ, ಜ್ವರ ಇಳಿಯುತ್ತೆ, ತುಂಗಭದ್ರೆಯ ಹಿನ್ನೀರೂ ಇಳಿಯುತ್ತೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿತು. ಇನ್ನು "ಹೊಲ ಬೀಳು ಬಿದ್ದೈತಿ" ಅಂದರೆ ಯಾವುದೂ ಬಿದ್ದಿರಲ್ಲ, ಬಿತ್ತನೆ ಆಗಿರಲ್ಲ ಅಷ್ಟೇ.

ಮೊದಲ ವರ್ಷ ವೋಲ್ಟೇಜ್ ಡ್ರಾಪ್ ಅಂದಾಗ ಏನು ಬಿತ್ತು ಅಂತ ತಲೆ ಕೆರೆದುಕೊಂಡೋರು ನಾವು. ಆದರೆ ಉದ್ದನೆ ಲೈನಿನ ಕೊನೆಯಲ್ಲಿರೋ ಪಂಪ್‌ಸೆಟ್ ಸಂಜೆ ಹೊತ್ತು ಗುಂಯ್‌ಗುಟ್ಟಿ ನಿಂತುಬಿಡೋದನ್ನ ಚಿಕ್ಕಂದಿನಿಂದ ನೋಡಿದ್ದೆವು. ಹರಿಯೋ ಕರೆಂಟನ್ನ ತಂತಿಯ ರೆಸಿಸ್ಟೆನ್ಸಿನಿಂದ ಗುಣಿಸಿದಷ್ಟು ವೋಲ್ಟೇಜ್ ದಾರಿಯಲ್ಲೇ ಇಳಿದಿರುತ್ತೆ. "ಇಳಿಯೋದು" ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಅವತ್ತೇ ಅರ್ಥ ಆಗ್ತಿತ್ತು.

ಇದನ್ನ ಹೇಗೋ ಕಲಿತುಕೊಂಡೆವು, ಬಿಡಿ. ನಮ್ಮ ನಿಜವಾದ ತಕರಾರು ಇನ್ನೊಂದು ಡ್ರಾಪಿನ ಮೇಲೆ. ಅದು ಡ್ರಾಪ್‌ಔಟ್. ಈ ಪದ ಕೇಳಿದರೆ ಹಣ್ಣೆಲೆ ಉದುರಿದ ಹಾಗೆ ಹುಡುಗ ತಾನಾಗೇ ಉದುರಿದ ಅನಿಸುತ್ತೆ. ನಮ್ಮ ಊರಿನ ಮಾತು ಹಂಗಲ್ಲ. "ಸಾಲಿ ಬಿಟ್ಟ" ಅಂದರೆ ಅವನೇ ಬಿಟ್ಟ. "ಸಾಲಿ ಬಿಡಿಸ್ಯಾರ" ಅಂದರೆ ಬಿಡಿಸಿದೋರು ಬೇರೆ ಇದ್ದಾರೆ. ಒಂದು "ಇಸು" ಸೇರಿದ ಕೂಡಲೇ ಯಾರು ಬಿಡಿಸಿದರು, ಯಾಕೆ ಬಿಡಿಸಿದರು ಅಂತ ಕೇಳಲೇಬೇಕಾಗುತ್ತೆ. ಮಳೆ ಕೈಕೊಟ್ಟ ವರ್ಷ ನಮ್ಮ ತಾಲೂಕುಗಳಿಂದ ಜನ ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ ಗುಳೆ ಹೋಗ್ತಾರೆ. ಜೊತೆಗೆ ಹೋದ ಮಕ್ಕಳು ಹಾಜರಿ ಪುಸ್ತಕದಲ್ಲಿ ಬರೀ ಗೈರು. ಹುಡುಗಿಯರ ವಿಷಯದಲ್ಲಂತೂ ನಾವು ಹೆಚ್ಚು ಸಲ ಕೇಳಿರೋದು "ಬಿಡಿಸ್ಯಾರ" ಅನ್ನೋದನ್ನೇ. ಎಲ್ಲರನ್ನೂ ಡ್ರಾಪ್‌ಔಟ್ ಅಂತ ಒಂದೇ ಕಾಲಮ್ಮಿಗೆ ಹಾಕಿದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತೆ.

ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿದು ಮೇಲಿಂದ ಬೀಳ್ತಾರೆ. ಕೆಳಗೆ ನಿಂತೋರು ಕೈಚಾಚಿ ಹಿಡೀತಾರೆ. ಬೀಳೋದು ಮೊದಲೇ ಗೊತ್ತಿರೋದ್ರಿಂದ ಹಿಡಿಯೋರೂ ತಯಾರಾಗೇ ಇರ್ತಾರೆ.

ನಮ್ಮ ಕಾಲೇಜಲ್ಲೂ ಸೆಮಿಸ್ಟರ್ ಶುರುವಾದಾಗ ಒಂದೆರಡು ಬೆಂಚು ಖಾಲಿ ಕಾಣ್ತವೆ. ಈ ಸಲ "ಅವನು ಡ್ರಾಪ್‌ಔಟ್ ಮಗಾ" ಅಂದು ಸುಮ್ಮನಾಗೋದು ಬೇಡ. ಫೋನ್ ಮಾಡಿ ಕೇಳೋಣ. ಫೀಸಿನ ತೊಂದರೆಯೋ, ಬ್ಯಾಕ್‌ಲಾಗಿನ ಭಯವೋ, ಮನೆಯೋರು ಬಿಡಿಸಿದರೋ? ಕಾರಣ ಗೊತ್ತಾದರೆ ನಮ್ಮ ಕೈಲಾಗೋದು ಏನಾದರೂ ಇದ್ದೇ ಇರುತ್ತೆ.