ಎಣಿಕೆ ಯಂತ್ರದ್ದು, ಲೆಕ್ಕ ಯಾರದ್ದು?

ಬೆಂಗಳೂರು: ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಪೀಣ್ಯದ ಒಳರಸ್ತೆಗಳಿಗೆ ಹೊರಳಿದರೆ ಪ್ರೆಸ್ ಯಂತ್ರಗಳ ಸದ್ದು ಎದುರುಗೊಳ್ಳುತ್ತದೆ. ಯಂತ್ರದ ಪಕ್ಕದಲ್ಲಿ ಅಂಗೈಯಗಲದ ಒಂದು ಡಬ್ಬಿ. ಪ್ರತಿ ಹೊಡೆತಕ್ಕೂ ಅದರಲ್ಲಿ ಕೆಂಪು ಅಂಕಿ ಒಂದೊಂದಾಗಿ ಏರುತ್ತದೆ. ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಇಂಥದೇ ಅಂಕಿ ಎಲ್ಲರಿಗೂ ಕಾಣುವಂತೆ ದೊಡ್ಡ ಫಲಕದ ಮೇಲೆ ಮೂಡುವುದುಂಟು. ಡಿಜಿಟಲ್ ಕೌಂಟರ್ ಎಂದು ಕರೆಯಲಾಗುವ ಈ ಉಪಕರಣದ ಬೆಲೆ ಸಾಮಾನ್ಯವಾಗಿ ಕೆಲವೇ ಸಾವಿರ ರೂಪಾಯಿ. ಆದರೆ ಅದು ತೋರಿಸುವ ಸಂಖ್ಯೆಯ ಮೇಲೆ ಜಾಬ್‌ವರ್ಕ್ ಬಿಲ್ಲು, ಕಾರ್ಮಿಕರ ಇನ್ಸೆಂಟಿವ್, ಸೂಪರ್‌ವೈಸರನ ಬೈಗುಳ ಎಲ್ಲವೂ ನಿಂತಿವೆ.

ಕೇಂದ್ರ ಸರ್ಕಾರ 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದ ನಂತರ ವೇತನ ಮತ್ತು ಕೆಲಸದ ಅವಧಿಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಕೆಲಸವನ್ನು ಎಣಿಸುವ ಬಗೆ ಹೇಗಿರಬೇಕೆಂಬ ಪ್ರಶ್ನೆ ಮಾತ್ರ ಈ ಚರ್ಚೆಯಲ್ಲಿ ಬದಿಗೆ ಸರಿದಿದೆ.

ಕೌಂಟರ್ ಎಣಿಸುವುದೇನನ್ನು?

ಕೌಂಟರ್ ವಸ್ತುಗಳನ್ನು ಎಣಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಅದು ಎಣಿಸುವುದು ವಿದ್ಯುತ್ ಸಂಕೇತಗಳನ್ನು. ಲೋಹದ ಭಾಗ ಸಮೀಪ ಬಂದಾಗ ಅಥವಾ ಬೆಳಕಿನ ಕಿರಣಕ್ಕೆ ಏನಾದರೂ ಅಡ್ಡ ಬಂದಾಗ ಸೆನ್ಸರ್ ಒಂದು ಸಂಕೇತ ಕಳಿಸುತ್ತದೆ, ಅಂಕಿ ಒಂದು ಏರುತ್ತದೆ. ಎರಡು ವಸ್ತುಗಳು ಒಂದಕ್ಕೊಂದು ತಗುಲಿಕೊಂಡು ಕಿರಣವನ್ನು ದಾಟಿದರೆ ಲೆಕ್ಕಕ್ಕೆ ಸಿಗುವುದು ಒಂದೇ. ಸ್ವಿಚ್ ಅದುರಿದರೆ ಒಂದು ಹೊಡೆತ ಎರಡಾಗಿಯೋ ಮೂರಾಗಿಯೋ ದಾಖಲಾಗಬಹುದು. ಸೆಕೆಂಡಿಗೆ 30 ಸಂಕೇತಗಳ ಮಿತಿಗೆ ಹೊಂದಿಸಿದ ಕೌಂಟರಿಗೆ 40 ಸಂಕೇತಗಳು ಬಂದರೆ ಕೆಲವು ಬಿಟ್ಟುಹೋಗುತ್ತವೆ.

ಉಪಕರಣ ಸರಿಯಾಗಿದ್ದಾಗಲೂ ತೊಡಕು ತಪ್ಪದು. ಪ್ರೆಸ್ ಯಂತ್ರದ ಕೌಂಟರ್ ಹೇಳುವುದು ಹೊಡೆತಗಳ ಸಂಖ್ಯೆ. ಡೈಯನ್ನು ಯಾವಾಗ ಸಾಣೆ ಹಿಡಿಯಬೇಕೆಂದು ತಿಳಿಯಲು ಅದು ಬಹಳ ಉಪಯುಕ್ತ. ಆದರೆ ಒಂದು ಬಿಡಿಭಾಗಕ್ಕೆ ಎರಡು ಹೊಡೆತ ಬೇಕಿದ್ದರೆ ಅದೇ ಸಂಖ್ಯೆ ಉತ್ಪಾದನೆಯ ಲೆಕ್ಕವಾಗದು. ಸಿಎನ್‌ಸಿ ಯಂತ್ರದಲ್ಲಿ ಸಾಮಾನ್ಯವಾಗಿ ಪ್ರೋಗ್ರಾಂ ಕೊನೆಗೊಂಡಾಗ ಎಣಿಕೆ ಏರುತ್ತದೆ. ಹೊರಬಂದ ಭಾಗ ಅಳತೆ ತಪ್ಪಿ ಗುಜರಿ ಸೇರಿದರೂ ಅಂಕಿ ಕೆಳಗಿಳಿಯದು. ಯಾವುದನ್ನು 'ಒಂದು' ಎಂದು ಎಣಿಸಬೇಕೆಂಬುದನ್ನು ಮನುಷ್ಯರೇ ಮೊದಲು ತೀರ್ಮಾನಿಸಿರುತ್ತಾರೆ.

ಟಾರ್ಗೆಟ್‌ನ ಗಣಿತ

ಈ ತೀರ್ಮಾನದ ಬಿಸಿ ಹೆಚ್ಚಾಗಿ ತಟ್ಟುವುದು ಬಹುತೇಕ ಮಹಿಳೆಯರೇ ದುಡಿಯುವ ಗಾರ್ಮೆಂಟ್ಸ್‌ಗಳಲ್ಲಿ. ಅಲ್ಲಿನ ಗುರಿ ನಿಗದಿಯಾಗುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಅಂಗಿಯ ಹೊಲಿಗೆಗೆ ಒಟ್ಟು 20 ನಿಮಿಷ ಎಂದು ಗೊತ್ತುಮಾಡಲಾಗಿದೆ ಎಂದಿಟ್ಟುಕೊಳ್ಳೋಣ. ಬ್ಯಾಚ್‌ನಲ್ಲಿ 40 ಟೈಲರ್‌ಗಳಿದ್ದರೆ ಗಂಟೆಗೆ ದೊರೆಯುವುದು 2,400 ನಿಮಿಷಗಳ ದುಡಿಮೆ. ಅಂದರೆ 120 ಅಂಗಿ. ದಕ್ಷತೆಯನ್ನು ಶೇ 60 ಎಂದು ಹಿಡಿದರೆ ಗಂಟೆಗೆ 72, ಎಂಟು ಗಂಟೆಗೆ 576.

ವಿದ್ಯುತ್ ಕೈಕೊಟ್ಟೋ, ಸೂಜಿ ಮುರಿದೋ, ಕತ್ತರಿಸಿದ ಬಟ್ಟೆ ತಡವಾಗಿ ಬಂದೋ ಅರ್ಧ ಗಂಟೆ ಕೆಲಸ ನಿಂತಿತೆನ್ನಿ. ದಿನದ ಲೆಕ್ಕದಲ್ಲಿ 36 ಅಂಗಿ ಖೋತಾ. ಫಲಕ ತೋರಿಸುವುದು ಈ ಕೊರತೆಯನ್ನೇ ಹೊರತು ಅದರ ಕಾರಣವನ್ನಲ್ಲ. ಆಲ್ಟ್ರೇಷನ್‌ಗೆ ಮರಳಿ ಬಂದ ಅಂಗಿಗೆ ಟೈಲರ್ ಎರಡು ಬಾರಿ ದುಡಿದಿದ್ದರೂ, ಬ್ಯಾಚ್‌ನ ಕೊನೆಯಲ್ಲಿ ಎಣಿಸುವ ಪದ್ಧತಿಯಿದ್ದರೆ ಅದು ಒಂದೇ ಅಂಗಿ. ಇಂಥ ಕೊರತೆಯನ್ನು ತುಂಬಲು ಊಟದ ವಿರಾಮವನ್ನೋ ಮನೆಗೆ ಹೊರಡುವ ವೇಳೆಯನ್ನೋ ಬಿಟ್ಟುಕೊಡಬೇಕಾಗಿ ಬಂದರೆ, ಬ್ಯಾಚ್‌ನವರ ತಪ್ಪೇ ಇಲ್ಲದ ಅರ್ಧ ಗಂಟೆಯ ಬೆಲೆಯನ್ನು ಅವರೇ ತೆತ್ತಂತಾಗುತ್ತದೆ.

ಮಾಲೀಕರ ವಾದದಲ್ಲಿಯೂ ಹುರುಳಿಲ್ಲದಿಲ್ಲ. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಕ್ಕೆ ಕಳಿಸಿದ ಸರಕೆಷ್ಟು, ತಲುಪಿದ್ದೆಷ್ಟು ಎಂಬ ತಕರಾರಿನಲ್ಲಿ ಕೌಂಟರ್ ಒಂದು ಆಧಾರ. ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದ ಕಾಲದ ಜಗಳಗಳು ಕಡಿಮೆಯಾಗಬಹುದು. ನಿಜವಾಗಿ ದುಡಿದವರಿಗೂ ಸರಿಯಾದ ಎಣಿಕೆ ರಕ್ಷಣೆಯೇ. ಆದರೆ ಆ ಎಣಿಕೆಯನ್ನು ಪ್ರಶ್ನಿಸುವ ದಾರಿ ದುಡಿಯುವವರಿಗೂ ಇರಬೇಕು.

ಆಟೋ ಮೀಟರಿಗೆ ಮುದ್ರೆಯಿದೆ

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋ ಕನಿಷ್ಠ ದರ 36 ರೂಪಾಯಿಗೆ ಏರಿದಾಗ, ಹೊಸ ದರಕ್ಕೆ ಹೊಂದಿಸಿದ ಮೀಟರುಗಳಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕಾಯಿತು. ಪೆಟ್ರೋಲ್ ಬಂಕಿಗೂ, ಯಶವಂತಪುರ ಮಾರುಕಟ್ಟೆಯ ತಕ್ಕಡಿಗೂ ಇದೇ ನಿಯಮ. 2011ರ ಏಪ್ರಿಲ್ 1ರಂದು ಜಾರಿಗೆ ಬಂದ ಕಾನೂನು ಮಾಪನಶಾಸ್ತ್ರ ಕಾಯ್ದೆ, 2009 'ವ್ಯವಹಾರ' ಎಂಬ ಪದವನ್ನು ಕೊಡುಕೊಳ್ಳುವಿಕೆಗಷ್ಟೇ ಸೀಮಿತಗೊಳಿಸಿಲ್ಲ. ಮಾಡಿದ ಕೆಲಸವನ್ನು ಹಾಗೂ ಸಲ್ಲಬೇಕಾದ ಕೂಲಿಯನ್ನು ನಿರ್ಧರಿಸುವುದೂ ಅದರ ವ್ಯಾಖ್ಯೆಯಲ್ಲಿ ಸೇರಿದೆ. ಕೂಲಿಯನ್ನು ನಿರ್ಧರಿಸುವ ಎಣಿಕೆಯೂ ತಪಾಸಣೆಗೆ ಒಳಪಡಬೇಕೆಂಬ ವಾದಕ್ಕೆ ಈ ವ್ಯಾಖ್ಯೆಯೇ ಬಲ ನೀಡುತ್ತದೆ.

ಪೀಸ್ ಲೆಕ್ಕದಲ್ಲಿ ದುಡಿಯುವವರಿಗೆ ವೇತನ ಸಂಹಿತೆಯಲ್ಲಿ ಒಂದು ಆಸರೆಯಿದೆ. ಪೀಸ್ ದರದ ಕನಿಷ್ಠ ಮಿತಿ ಗೊತ್ತುಮಾಡದೆ ಕಾಲಾವಧಿಯ ಕನಿಷ್ಠ ವೇತನವನ್ನಷ್ಟೇ ಗೊತ್ತುಮಾಡಿದ್ದರೆ, ಕೌಂಟರ್ ಏನೇ ಹೇಳಲಿ, ಆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ವೇತನ ಚೀಟಿ ಕೊಡುವುದೂ ಕಡ್ಡಾಯ. ಆದರೆ ಇನ್ಸೆಂಟಿವ್ ಕೈತಪ್ಪಿದ್ದು ಯಾವ ಲೆಕ್ಕದ ಮೇಲೆ ಎಂಬ ಪ್ರಶ್ನೆಗೆ ಚೀಟಿಯಲ್ಲಿನ ಮೊತ್ತವೊಂದೇ ಉತ್ತರವಾಗದು.

ಆಗಬೇಕಾದುದೇನು?

ಪರಿಹಾರ ದುಬಾರಿಯದಲ್ಲ. ಪಾಳಿಯ ಕೊನೆಯಲ್ಲಿ ಅಂಕಿಯನ್ನು ಕಾರ್ಮಿಕರ ಎದುರಿನಲ್ಲೇ ಬರೆದು ಅವರಿಗೊಂದು ಪ್ರತಿ ಕೊಡಬಹುದು. ಯಂತ್ರ ನಿಂತ ವೇಳೆ ಮತ್ತು ಕಾರಣವನ್ನು ಅದೇ ಹಾಳೆಯಲ್ಲಿ ದಾಖಲಿಸಿ, ಅಷ್ಟರಮಟ್ಟಿಗೆ ಗುರಿಯನ್ನು ಇಳಿಸಬಹುದು. ಆಲ್ಟ್ರೇಷನ್‌ಗೆ ಪ್ರತ್ಯೇಕ ಲೆಕ್ಕ ಇಡಬಹುದು. ತಿಂಗಳಿಗೊಮ್ಮೆ 100 ಪೀಸುಗಳನ್ನು ಕೈಯಿಂದ ಎಣಿಸಿ ಕೌಂಟರಿನೊಂದಿಗೆ ಹೋಲಿಸಿ ನೋಡಬಹುದು. ರೀಸೆಟ್ ಗುಂಡಿ ಯಾರ ಕೈಯಲ್ಲಿರಬೇಕೆಂಬುದೂ ಮೊದಲೇ ತೀರ್ಮಾನವಾಗಿರಬೇಕು.

ಇದಕ್ಕೆ ಹೊಸ ವೇದಿಕೆಯೂ ಬೇಕಿಲ್ಲ. 20 ಅಥವಾ ಹೆಚ್ಚು ಕಾರ್ಮಿಕರಿರುವ ಘಟಕದಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕೆಂದೂ, ಅದರಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕೆಂದೂ ಕೈಗಾರಿಕಾ ಸಂಬಂಧಗಳ ಸಂಹಿತೆ ಹೇಳುತ್ತದೆ. ಆ ಸಮಿತಿಯ ಮುಂದೆ ಎಣಿಕೆಯ ಹಾಳೆಯನ್ನು ಇಡುವಂತೆ ರಾಜ್ಯದ ಕಾರ್ಮಿಕ ಇಲಾಖೆ ಸೂಚಿಸಿದರೆ ಅರ್ಧ ಕೆಲಸ ಮುಗಿದಂತೆ. ಒಂದೆರಡು ಕಿಲೋಮೀಟರಿನ ಆಟೋ ಪ್ರಯಾಣದ ಮೀಟರಿಗೆ ಸರ್ಕಾರದ ಮುದ್ರೆ ಬೇಕೆನ್ನುವ ನಗರದಲ್ಲಿ, ಎಂಟು ಗಂಟೆಯ ದುಡಿಮೆಯ ಎಣಿಕೆಗೆ ಇಷ್ಟಾದರೂ ಖಾತರಿ ಬೇಡವೇ?